ಪಕ್ಕದ ಮನೆಯ ಮಗುವಿನ ಬಗ್ಗೆ ದೂರು ಕೊಡುವ ಮುನ್ನ

ನಮ್ಮ ವಠಾರದ ಮಗುವೊಂದರ ವಿಷಯವಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕೆ, ಬೇಡವೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಕೆಲವು ವಾರ ಚರ್ಚೆಯಾಯಿತು. ಮಗುವಿನ ಗುರುತು ಸಿಗುವಂತಹ ಯಾವ ವಿವರವನ್ನೂ ಇಲ್ಲಿ ಬರೆಯುವುದಿಲ್ಲ. ನಾವು ಕಂಡದ್ದು ಇಷ್ಟು: ತೋಳಿನ ಮೇಲೆ ಮತ್ತೆ ಮತ್ತೆ ಮೂಡುತ್ತಿದ್ದ ಬಾಸುಂಡೆಗಳು, ಕತ್ತಲಾದ ಮೇಲೂ ಬಾಗಿಲ ಹೊರಗೆ ನಿಲ್ಲಿಸುವ ಶಿಕ್ಷೆ ಮತ್ತು ಶಾಲೆಗೆ ಹೋಗದೆ ಕಳೆಯುತ್ತಿದ್ದ ದಿನಗಳು.

ಅತ್ತೆಯವರು, "ಹೆತ್ತವರು ಎರಡೇಟು ಹೊಡೆದರೆ ಅದಕ್ಕೂ ಪೊಲೀಸರೇ?" ಎಂದರು. ಆ ಮಾತಿನ ಹಿಂದೆ ಇದ್ದದ್ದು ಉದಾಸೀನವಲ್ಲ, ಭಯ. ಮಗುವನ್ನು ತಾಯಿಯಿಂದ ಕಿತ್ತು ಬಾಲಮಂದಿರಕ್ಕೆ ಸೇರಿಸಿಬಿಟ್ಟರೆ, ಆ ಪಾಪ ನಮ್ಮ ತಲೆಗೆ ಬರುವುದಿಲ್ಲವೇ ಎಂಬುದು ಅವರ ಚಿಂತೆಯಾಗಿತ್ತು. ನನಗಿದ್ದ ಅಳುಕು ಬೇರೆ. ಬಡತನದಿಂದ ಆಗುವ ಕೊರತೆಯನ್ನು ನಾನು ಕ್ರೌರ್ಯವೆಂದು ತಿಳಿಯುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಹರಿದ ಸಮವಸ್ತ್ರವನ್ನೋ ಖಾಲಿ ಡಬ್ಬಿಯನ್ನೋ ಕಂಡಾಗ ಆ ಮನೆಗೆ ಬೇಕಿರುವುದು ನೆರವು. ಬಾಸುಂಡೆಗೆ ಬಡತನ ಕಾರಣವಾಗಲಾರದು.

ಕಾನೂನನ್ನು ಓದಿದ ಮೇಲೆ ಅತ್ತೆಯವರ ಭಯಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಿತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಬೇರೆ ದಾರಿಗಳನ್ನೆಲ್ಲ ನೋಡಿದ ಮೇಲಿನ ಕೊನೆಯ ಕ್ರಮ. ಆರೈಕೆಯ ಮೊದಲ ಹೊಣೆ ಕುಟುಂಬದ್ದೇ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಪ್ರಕರಣ ಬಂದರೆ ಸಾಮಾಜಿಕ ತನಿಖೆಯನ್ನು, ಅಂದರೆ ಮಗುವಿನ ಮನೆಯ ಸ್ಥಿತಿಗತಿಯ ವಿಚಾರಣೆಯನ್ನು, 15 ದಿನಗಳೊಳಗೆ ಮುಗಿಸಬೇಕು. ಆ ಬಳಿಕವೇ ಸಮಿತಿ ಅಂತಿಮ ತೀರ್ಮಾನಕ್ಕೆ ಬರುತ್ತದೆ. ಹಾಗೆಂದು ಕಾನೂನು ಹಿಂಸೆಯನ್ನು ಮನೆಯ ಒಳಗಿನ ವಿಷಯವೆಂದು ಬಿಟ್ಟುಬಿಡುವುದೂ ಇಲ್ಲ. ತನ್ನ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗುವವರಿಗೆ ಇದೇ ಕಾಯ್ದೆಯ 75ನೇ ಕಲಂ ಮೂರು ವರ್ಷದವರೆಗಿನ ಸೆರೆವಾಸವನ್ನು ವಿಧಿಸುತ್ತದೆ.

ಲೈಂಗಿಕ ದೌರ್ಜನ್ಯದ ಸಂಶಯವಿದ್ದರಂತೂ ಹೇಳಬೇಕೆ, ಬೇಡವೆ ಎಂಬ ಆಯ್ಕೆಯೇ ನಮಗಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ವಿಷಯ ತಿಳಿದವರೆಲ್ಲರ ಮೇಲೂ ತಿಳಿಸುವ ಹೊಣೆ ಹೊರಿಸಿದೆ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಪ್ರಾಮಾಣಿಕವಾಗಿ ಮಾಹಿತಿ ಕೊಟ್ಟವರಿಗೆ ಅದೇ ಕಲಂ ರಕ್ಷಣೆಯನ್ನೂ ನೀಡುತ್ತದೆ.

ಕೊನೆಗೆ ನನ್ನನ್ನು ನಿರ್ಧಾರಕ್ಕೆ ತಂದದ್ದು ಒಂದೇ ವಿಚಾರ: ಹೊಡೆದವರು ಯಾರು, ಏಕೆ ಎಂಬುದನ್ನು ಸಾಬೀತುಪಡಿಸುವುದು ನನ್ನ ಕೆಲಸವಲ್ಲ, ಕಂಡದ್ದನ್ನು ಕಂಡಂತೆ ಹೇಳುವುದಷ್ಟೇ ನನ್ನದು. ಖಚಿತವಾಗಲಿ ಎಂದು ಕಾಯುತ್ತಾ ಕುಳಿತರೆ ಆ ಕಾಯುವಿಕೆಯ ಬೆಲೆಯನ್ನು ಮಗುವೇ ತೆರಬೇಕಾಗುತ್ತದೆ. ಕಣ್ಣಾರೆ ಕಂಡದ್ದನ್ನು ದಿನಾಂಕದೊಡನೆ ಒಂದು ಕಡೆ, ಕೇವಲ ಊಹೆಯಾಗಿದ್ದುದನ್ನು ಇನ್ನೊಂದು ಕಡೆ ಬರೆದುಕೊಂಡೆ. ಮಗುವಿನ ತಂದೆಯೊಡನೆ ನೇರವಾಗಿ ಮಾತಾಡೋಣವೆಂದು ಪತಿ ಹೇಳಿದಾಗ ನಾನು ಒಪ್ಪಲಿಲ್ಲ, ಏಕೆಂದರೆ ನಮ್ಮ ಮೇಲಿನ ಸಿಟ್ಟು ಬಾಗಿಲು ಮುಚ್ಚಿದ ಮೇಲೆ ಮಗುವಿನ ಮೇಲೆಯೇ ತಿರುಗುತ್ತದೆ. ಮಗುವನ್ನು ಕೂರಿಸಿಕೊಂಡು ಪ್ರಶ್ನೆಗಳನ್ನು ಕೇಳಲೂ ಹೋಗಲಿಲ್ಲ. ಅದೇ ನೋವನ್ನು ಹಲವರ ಮುಂದೆ ಹೇಳಿಸುವುದೂ ಒಂದು ಹಿಂಸೆಯೇ, ಮೇಲಾಗಿ ನಮ್ಮ ಪ್ರಶ್ನೆಯೇ ಅದರ ಬಾಯಿಗೆ ಉತ್ತರವನ್ನು ಇಡುವ ಅಪಾಯವಿದೆ.

ಕರೆ ಸ್ವೀಕರಿಸಿದ ಮಹಿಳೆ ಮೊದಲು ಕೇಳಿದ್ದು, ಈ ಕ್ಷಣ ಮಗುವಿನ ಜೀವಕ್ಕೆ ಅಪಾಯವಿದೆಯೇ ಎಂದು. ಹಾಗಿದ್ದಲ್ಲಿ ತುರ್ತು ಸಹಾಯದ 112ಕ್ಕೂ ಕರೆ ಮಾಡಬಹುದೆಂದರು. ನನ್ನ ಹೆಸರನ್ನು ಆ ಕುಟುಂಬಕ್ಕೆ ತಿಳಿಸುವುದಿಲ್ಲವೆಂದೂ ಹೇಳಿದರು.

ಅಧಿಕಾರಿಗಳು ಬಂದು ತಂದೆ, ತಾಯಿ, ಮಗು ಮೂವರೊಡನೆಯೂ ಬೇರೆ ಬೇರೆಯಾಗಿ ಮಾತಾಡಿದರು. ಮಗು ಈಗಲೂ ತಾಯಿಯ ಜೊತೆಯಲ್ಲಿಯೇ ಇದೆ, ಶಾಲೆಗೆ ಹೋಗುತ್ತಿದೆ. ಕರೆ ಮಾಡಿದ್ದು ನಾನೇ ಎಂದು ತಾಯಿಗೆ ಅನುಮಾನ ಬಂದಿರಬೇಕು, ನನ್ನೊಡನೆ ಮಾತು ಬಿಟ್ಟಿದ್ದಾರೆ. ಅದು ನನಗೆ ನೋವು ತಂದಿರುವುದು ನಿಜ. ಆದರೂ ಬಾಸುಂಡೆ ಮತ್ತೆ ಕಂಡರೆ ಮತ್ತೆ ಕರೆ ಮಾಡುತ್ತೇನೆ, ಮೊದಲ ದೂರಿನ ವಿವರವನ್ನೂ ಅವರಿಗೆ ನೆನಪಿಸುತ್ತೇನೆ.