ಬಾಡಿಗೆ ಸರಿಯಾಗಿ ಕೊಡ್ತಾರಾ ಸರ್?

ಸಾಲ ವಸೂಲಿಗೆ ಬಂದ ಏಜೆಂಟ್ ಬೈಯಲಿಲ್ಲ. ಗೇಟ್ ಒದೆಯಲಿಲ್ಲ. ನಮ್ಮ ಓನರ್ ಅಂಕಲ್ ಗಿಡಕ್ಕೆ ನೀರು ಹಾಕುತ್ತಿದ್ದಾಗ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ತುಂಬಾ ಮರ್ಯಾದೆಯಿಂದ ಕೇಳಿದನಂತೆ: "ಮೇಲಿನ ಮನೆಯವರು ಬಾಡಿಗೆ ಸರಿಯಾಗಿ ಕೊಡ್ತಾರಾ ಸರ್?"

ಅಂಕಲ್ ಸತ್ಯವಂತರು. "ಕೊಡ್ತಾರೆ. ಹೋದ ತಿಂಗಳು ಮಾತ್ರ ಐದನೇ ತಾರೀಖು ದಾಟಿತ್ತು" ಅಂದರಂತೆ. ಯಾರು, ಯಾಕೆ ಕೇಳ್ತಿದ್ದೀರಿ ಅನ್ನಲಿಲ್ಲ. ಆಮೇಲೆ ಅವನೇ ಹೇಳಿದ್ದಾನೆ. ನನ್ನ ತಮ್ಮ ಪರ್ಸನಲ್ ಲೋನ್ ತಗೊಂಡಿದ್ದಾನೆ, ಇಎಂಐ ಬೌನ್ಸ್ ಆಗಿದೆ, ಫೋನ್ ಎತ್ತುತ್ತಿಲ್ಲ, "ನಿಮಗೂ ಗೊತ್ತಿರಲಿ ಅಂತ ಹೇಳಿದೆ ಸರ್."

ವಿಜಯನಗರದ ನಮ್ಮ ಕ್ರಾಸ್‌ನಲ್ಲಿ ಇಂಥ ಸುದ್ದಿ ಹಾಲಿನ ಬೂತ್ ತಲುಪೋಕೆ ಜಾಸ್ತಿ ಹೊತ್ತು ಬೇಡ.

ಆ ಪ್ರಶ್ನೆ ಈ ವಾರವೆಲ್ಲ ತಲೆಯಲ್ಲಿ ತಿರುಗುತ್ತಿದೆ. ಬೈದಿದ್ದರೆ ನಾನೂ ಬೈಯಬಹುದಿತ್ತು. ಬಾಡಿಗೆ ಸರಿಯಾಗಿ ಕೊಡ್ತಾರಾ ಅನ್ನೋದಕ್ಕೆ ಏನಂತ ಜಗಳ ಆಡೋದು? ಅವನಿಗೆ ಬಾಡಿಗೆಯ ವಿಷಯ ಬೇಕಾಗಿರಲೇ ಇಲ್ಲ. ಬಾಡಿಗೆ ಮನೆಯವರಿಗೆ ಎಲ್ಲಿ ನೋವಾಗುತ್ತೆ ಅಂತ ಚೆನ್ನಾಗಿ ಗೊತ್ತಿತ್ತು, ಅಷ್ಟೇ.

ಸಾಲ ಸುಳ್ಳಲ್ಲ. ತಮ್ಮನ ಕೆಲಸ ಹೋಗಿದೆ. ಕಟ್ಟಬೇಕು, ಕಟ್ಟುತ್ತಾನೆ. ಸಾಲ ಮಾಡಿದವನಿಗೆ ಹಕ್ಕೆಲ್ಲಿಂದ ಬಂತು ಅಂತ ನಮ್ಮ ಚಿಕ್ಕಪ್ಪ ಫೋನಿನಲ್ಲಿ ಭಾಷಣ ಮಾಡಿದರು. ಚಿಕ್ಕಪ್ಪ ಸೈಟ್ ತಗೊಂಡಾಗ ಯಾರ ಯಾರ ಹತ್ತಿರ ಕೈಸಾಲ ಮಾಡಿದ್ದರು ಅಂತ ನನಗೂ ಗೊತ್ತು, ಇರಲಿ.

ಹಕ್ಕು ಇದೆ. 2022ರ ಆಗಸ್ಟ್‌ನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ವಸೂಲಿಗೆ ಅಂತ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ. ಮನೆಯವರು, ಸ್ನೇಹಿತರು, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ. ಏಜೆಂಟ್ ಹೊರಗಿನವನು, ನಮಗೆ ಸಂಬಂಧವಿಲ್ಲ ಅಂತ ಸಾಲ ಕೊಟ್ಟ ಕಂಪನಿ ಜಾರಿಕೊಳ್ಳೋ ಹಾಗೂ ಇಲ್ಲ. ಅವನು ಮಾಡಿದ್ದಕ್ಕೆಲ್ಲ ಅವರೇ ಹೊಣೆ.

ಅದೇ ದಿನ ರಾತ್ರಿ ಒಂಬತ್ತರ ಮೇಲೆ ನನ್ನ ಫೋನ್‌ಗೇ ಕರೆ ಬಂತು. ತಮ್ಮ ರೆಫರೆನ್ಸ್‌ಗೆ ನನ್ನ ನಂಬರ್ ಕೊಟ್ಟಿದ್ದ.

"ಮೇಡಂ, ನಿಮ್ಮ ಹೆಸರು ಕೊಟ್ಟಿದ್ದಾರೆ, ನಿಮ್ದೂ ಜವಾಬ್ದಾರಿ ಅಲ್ವಾ?"

"ನಾನು ಜಾಮೀನು ಹಾಕಿಲ್ಲ. ನಿಮ್ಮ ಐಡಿ ಕಾರ್ಡ್, ಕಂಪನಿ ಕೊಟ್ಟಿರೋ ಲೆಟರ್ ಕಳಿಸಿ. ಈಗ ಟೈಮ್ ಎಷ್ಟು ಅಂತಾನೂ ನೋಡ್ಕೊಳ್ಳಿ."

"ಫೀಲ್ಡಲ್ಲಿದ್ದೀನಿ ಮೇಡಂ, ವಾಟ್ಸಾಪ್ ಮಾಡ್ತೀನಿ."

ಮಾಡಲಿಲ್ಲ. ದನಿ ಕೇಳಿದರೆ ತಮ್ಮನ ವಯಸ್ಸೇ ಇರಬೇಕು. ಅವನಿಗೂ ತಿಂಗಳ ಟಾರ್ಗೆಟ್ ಇರುತ್ತೆ, ಅವನ ತಲೆ ಮೇಲೂ ಒಬ್ಬ ಕೂಗುತ್ತಿರುತ್ತಾನೆ. ಹಾಗಂತ ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಹೆಲ್ಮೆಟ್ ತೆಗೆದು ಸರ್ ಅಂದನಲ್ಲ, ಅದು ನೆನಪಾದರೆ ಈಗಲೂ ಮೈ ಉರಿಯುತ್ತೆ.

2025ರಲ್ಲಿ ನಮ್ಮ ರಾಜ್ಯ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಾಗ ಇದೆಲ್ಲ ಹಳ್ಳಿ ಕಡೆ ಸಂಘದ ಸಾಲದವರ ಕಷ್ಟ ಅನ್ನೋ ಹಾಗೆ ಆಫೀಸಿನಲ್ಲಿ ಮಾತಾಡಿದ್ದೆವು. ಹತ್ತು ವರ್ಷದವರೆಗೆ ಜೈಲು ಅಂತ ಕೇಳಿ ಎಲ್ಲರೂ ಹುಬ್ಬೇರಿಸಿದ್ದರು. ಅಲ್ಲಿ ಮನೆ ಮುಂದೆ ಕೂತು ಕೂಗುತ್ತಾರೆ. ಇಲ್ಲಿ ಓನರ್ ಹತ್ತಿರ ಮೆಲ್ಲಗೆ ವಿಚಾರಿಸುತ್ತಾರೆ. ಇಬ್ಬರೂ ಮೊದಲು ವಸೂಲಿ ಮಾಡೋದು ಮಾನವನ್ನೇ. ದುಡ್ಡು ಆಮೇಲೆ ತಾನಾಗೇ ಬರುತ್ತೆ ಅನ್ನೋ ಲೆಕ್ಕ.

ಅಂಕಲ್‌ಗೆ ಸುತ್ತೋಲೆಯ ವಿಷಯ ಹೇಳಿದೆ. ಮತ್ತೆ ಬಂದರೆ ಉತ್ತರ ಕೊಡಬೇಡಿ, ನನ್ನನ್ನ ಕರೀರಿ ಅಂದೆ. "ಮನೆ ಬಾಗಿಲಿಗೆ ಬಂದು ಕೇಳಿದ್ರೆ ಹೇಳ್ದೆ ಇರೋಕಾಗುತ್ತೇನಮ್ಮ?" ಅಂದರು. ಅವರಿಗೆ ಗೇಟ್ ಹತ್ತಿರ ಯಾರು ಮಾತಿಗೆ ಸಿಕ್ಕರೂ ಖುಷಿಯೇ.

ಕಾಲ್ ಬಂದ ಹೊತ್ತಿನ ಸ್ಕ್ರೀನ್‌ಶಾಟ್ ಹಾಕಿ, ಗೇಟ್ ಹತ್ತಿರ ನಡೆದದ್ದನ್ನು ಬರೆದು, ಕಂಪನಿಯ ದೂರು ಅಧಿಕಾರಿಗೆ ತಮ್ಮನ ಮೇಲ್‌ನಿಂದಲೇ ಕಳಿಸಿದ್ದೇವೆ. ಈಗ ತಿಂಗಳಿಗೆ ಎಷ್ಟು ಕಟ್ಟೋಕೆ ಆಗುತ್ತೆ ಅಂತಾನೂ ಅದರಲ್ಲೇ ಬರೆಸಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸೋ ಅಧಿಕಾರಿ, ಅವರ ಹತ್ತಿರ ಹೋಗಬಹುದು. ಸಹಾಯವಾಣಿ 14448, ದೂರು ಕೊಡೋಕೆ ದುಡ್ಡು ಕಟ್ಟಬೇಕಿಲ್ಲ. ಸದ್ಯಕ್ಕೆ ಕಂಪನಿಯಿಂದ ಬಂದಿರೋದು ನಿಮ್ಮ ದೂರು ತಲುಪಿದೆ ಅನ್ನೋ ಆಟೋಮ್ಯಾಟಿಕ್ ಮೆಸೇಜ್ ಮಾತ್ರ. ಅದರ ಕೆಳಗೇ ಹೊಸ ಲೋನ್‌ನ ಆಫರ್ ಇತ್ತು.