ತಂತಿ ಕಳಚಿದ ಮೇಲೆ: 1919ರಿಂದ 1935ರ ನಡುವೆ ವಿಮಾನ ಬದಲಾದ ಬಗೆ

1918ರ ಯುದ್ಧವಿಮಾನಕ್ಕೆ ಸಾಮಾನ್ಯವಾಗಿ ಮರದ ಚೌಕಟ್ಟು, ಅದರ ಮೇಲೆ ಬಟ್ಟೆ, ಒಂದರ ಮೇಲೊಂದು ಎರಡು ರೆಕ್ಕೆ, ಅವುಗಳ ನಡುವೆ ಕಂಬ ಮತ್ತು ತಂತಿ. 1935ರ ಡಿಸೆಂಬರ್ 17ರಂದು ಮೊದಲ ಬಾರಿ ಹಾರಿದ ಡಗ್ಲಸ್ ಕಂಪನಿಯ ಪ್ರಯಾಣಿಕ ವಿಮಾನ ಡಿಸಿ-3ಗೆ, ಬಾಲ ಮತ್ತು ರೆಕ್ಕೆಯ ಹೊರಳುವ ನಿಯಂತ್ರಣ ಭಾಗಗಳ ಬಟ್ಟೆ ಬಿಟ್ಟರೆ, ಇವು ಯಾವುವೂ ಇರಲಿಲ್ಲ. ಹದಿನೇಳು ವರ್ಷಗಳ ಈ ಬದಲಾವಣೆಯ ಶ್ರೇಯಸ್ಸನ್ನು ಎಂಜಿನ್ನಿಗೆ ಕೊಡುವವರು ಹೆಚ್ಚು. ಎಂಜಿನ್ನುಗಳ ಬಲ ಬೆಳೆದದ್ದು ನಿಜ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ವಿಮಾನದ ವೇಗವನ್ನು ಇಮ್ಮಡಿ ಮಾಡಲು ಎಂಟು ಪಟ್ಟು ಶಕ್ತಿ ಬೇಕು. ಆದ್ದರಿಂದ ತಡೆಯನ್ನು ಕಡಿಮೆ ಮಾಡಿದವರೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಮೊದಲು ಹೋಗಬೇಕಾದದ್ದು ತಂತಿ. ಒಂದು ದುಂಡು ತಂತಿ ಒಡ್ಡುವಷ್ಟು ತಡೆಯನ್ನು, ಅದಕ್ಕಿಂತ ಹಲವು ಪಟ್ಟು ದಪ್ಪವಿರುವ ರೆಕ್ಕೆಯ ಆಕಾರ ಒಡ್ಡುತ್ತದೆ. ತಂತಿ ತೆಗೆದರೆ ರೆಕ್ಕೆ ತನ್ನ ಬುಡದ ಬಲದ ಮೇಲೇ ನಿಲ್ಲಬೇಕು, ಅಂದರೆ ಬುಡ ದಪ್ಪವಾಗಬೇಕು. 1919ರ ಜರ್ಮನ್ ಪ್ರಯಾಣಿಕ ವಿಮಾನ ಯುಂಕರ್ಸ್ ಎಫ್ 13 ಹಾಗೆಯೇ ನಿಂತಿತು. ಅದರ ಹೊದಿಕೆ ಡ್ಯೂರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಸುಕ್ಕುಗಟ್ಟಿದ ತಗಡು. ಸುಕ್ಕು ತಗಡಿಗೆ ಬಿಗಿ ಕೊಡುತ್ತದೆ, ಜೊತೆಗೆ ಗಾಳಿ ಸವರುವ ಮೇಲ್ಮೈಯನ್ನೂ ಹೆಚ್ಚಿಸುತ್ತದೆ. ನಯವಾದ ತಗಡೇ ಭಾರ ಹೊರಲಿ ಎಂದು ಜರ್ಮನ್ ವಿಮಾನ ವಿನ್ಯಾಸಕ ರೋರ್‌ಬಾಖ್ ಹೊರಟಾಗ ತೊಡಕಾದದ್ದು ಮಡಿಕೆ. ತೆಳು ತಗಡನ್ನು ಓರೆಯಾಗಿ ಎಳೆದರೆ ಅದು ಬೇಗ ಮಡಿಕೆ ಬೀಳುತ್ತದೆ. ಅದನ್ನು ತಪ್ಪಿಸಲು ತಗಡನ್ನು ದಪ್ಪ ಮಾಡಿದರೆ ತೂಕ ಕೈಮೀರುತ್ತದೆ.

ಇದನ್ನು ಬಿಡಿಸಿದ್ದು ಎಂಜಿನಿಯರ್ ಹರ್ಬರ್ಟ್ ವಾಗ್ನರ್ 1929ರಲ್ಲಿ ಪ್ರಕಟಿಸಿದ ಸಿದ್ಧಾಂತ. ಮಡಿಕೆ ಬಿದ್ದ ಮಾತ್ರಕ್ಕೆ ತಗಡು ಸೋತಿಲ್ಲ. ಮಡಿಕೆಗಳ ಉದ್ದಕ್ಕೂ ಅದು ಓರೆ ತಂತಿಗಳ ಸಾಲಿನಂತೆ ಎಳೆತವನ್ನು ಹೊರುತ್ತಲೇ ಇರುತ್ತದೆ. ಅಂಚಿನ ಪಟ್ಟಿಗಳನ್ನು ಒಳಗೆಳೆಯುವ ಬಲವನ್ನು ತಡೆಯಲು ನಡುನಡುವೆ ನೆಟ್ಟಗೆ ಊರುಗೋಲು ಕೊಟ್ಟರೆ ಸಾಕು. ಹೊರಗಿದ್ದ ತಂತಿಯ ಕೆಲಸ ತಗಡಿನೊಳಗೆ ಸೇರಿಕೊಂಡಿತು. ಈ ಕಾಲದ ವಿಚಾರಗಳಲ್ಲಿ ನನಗೆ ಇದಕ್ಕಿಂತ ಸುಂದರವಾದದ್ದು ಕಾಣುವುದಿಲ್ಲ.

ಡ್ಯೂರಾಲುಮಿನ್ ಎಂದರೆ ಸುಮಾರು 4% ತಾಮ್ರ, ಅರ್ಧರ್ಧ ಶೇಕಡಾ ಮೆಗ್ನೀಶಿಯಂ ಮತ್ತು ಮ್ಯಾಂಗನೀಸ್, ಉಳಿದದ್ದು ಅಲ್ಯೂಮಿನಿಯಂ. ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಕ್ಷಣ ನೀರಿಗೆ ಹಾಕಬೇಕು. ಆ ಗಳಿಗೆಯಲ್ಲಿ ಅದು ಮೆತ್ತಗೆ, ಹೇಳಿದಂತೆ ಬಾಗುತ್ತದೆ. ಬಳಿಕ ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುತ್ತಾ ನಾಲ್ಕು ದಿನಗಳಲ್ಲಿ ಬಹುಪಾಲು ಬಲ ಪಡೆಯುತ್ತದೆ. ಕುಲುಮೆಯ ಬಿಸಿ ಸ್ವಲ್ಪ ಮೀರಿದರೆ ಲೋಹದ ಕಣಗಳ ಅಂಚು ಕರಗಿ ತಗಡು ಪೆಡಸಾಗುತ್ತದೆ, ಅದನ್ನು ಮತ್ತೆ ಸರಿಪಡಿಸಲಾಗದು. ಕುಲುಮೆಯಿಂದ ನೀರಿಗೆ ಒಯ್ಯುವಾಗ ತಡವಾದರೆ ತಾಮ್ರ ಕಣಗಳ ಅಂಚಿನಲ್ಲಿ ಕೂಡಿಕೊಂಡು, ಮುಂದೆ ತುಕ್ಕು ಅಲ್ಲಿಂದಲೇ ಒಳನುಗ್ಗುತ್ತದೆ. ಹೊರಗೆ ನಯವಾಗಿ ಕಾಣುವ ತಗಡು ಒಳಗೆ ಟೊಳ್ಳಾಗಿರುತ್ತದೆ. ಇದಕ್ಕೆ 1920ರ ದಶಕದ ಕೊನೆಗೆ ಬಂದ ಪರಿಹಾರ ಆಲ್‌ಕ್ಲ್ಯಾಡ್: ತಗಡಿನ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ.

ತಗಡುಗಳನ್ನು ಬೆಸೆಯಲು ಬಡಿಯುವ ಲೋಹದ ಮೊಳೆ, ಅಂದರೆ ರಿವೆಟ್‌ಗೂ ಇದೇ ಗುಣ. ನೀರಿನಿಂದ ತೆಗೆದ ರಿವೆಟ್ ಗಟ್ಟಿಯಾಗುವ ಮೊದಲೇ ಬಡಿಯಬೇಕು, ತಡವಾದರೆ ತಲೆ ಬಿರುಕು ಬಿಡುತ್ತದೆ. ಅದಕ್ಕೇ ರಿವೆಟ್‌ಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ತಣ್ಣಗಿದ್ದಷ್ಟು ಕಾಲ ಗಟ್ಟಿಯಾಗುವುದು ನಿಧಾನ. ತಗಡಿನಿಂದ ಹೊರಚಾಚಿದ ಭಾಗ ರಿವೆಟ್‌ನ ವ್ಯಾಸದ ಒಂದೂವರೆ ಪಟ್ಟು, ಬಡಿದ ತಲೆಯ ಅಗಲವೂ ಒಂದೂವರೆ ಪಟ್ಟು, ಅದರ ದಪ್ಪ ಅರ್ಧ ಪಟ್ಟು ಎಂಬುದು ಇಂದಿಗೂ ನಡೆಯುವ ಲೆಕ್ಕ.

ಮರ ಬಲಹೀನ ಎಂಬ ಕಾರಣಕ್ಕೇ ಮೂಲೆಗೆ ಸರಿಯಲಿಲ್ಲ. 1931ರ ಮಾರ್ಚ್ 31ರಂದು ಅಮೆರಿಕದ ಕಾನ್ಸಾಸ್‌ನಲ್ಲಿ ಫೋಕರ್ ಎಫ್-10 ವಿಮಾನದ ರೆಕ್ಕೆ ಮುರಿಯಿತು. ಮರದ ರೆಕ್ಕೆಯೊಳಗೆ ತೇವ ಸೇರಿ ಅಂಟು ಸಡಿಲಗೊಂಡಿದ್ದು ಕಾರಣವೆಂದು ತಿಳಿಯಿತು. ಮುಚ್ಚಿದ ರೆಕ್ಕೆಯ ಒಳಗಣ ಅಂಟನ್ನು ಬಿಚ್ಚದೆ ನೋಡಲು ದಾರಿಯಿರಲಿಲ್ಲ. ಲೋಹದತ್ತ ವಾಲಲು ಅಮೆರಿಕದ ಕಂಪನಿಗಳಿಗೆ ಇದು ದೊಡ್ಡ ಒತ್ತಾಯವಾಯಿತು.

ಇನ್ನು ಎಂಜಿನ್. ಸಿಲಿಂಡರ್‌ಗಳು ಚಕ್ರದ ಅರಗಳಂತೆ ಸುತ್ತಲೂ ಇರುವ, ಗಾಳಿಯಿಂದ ತಂಪಾಗುವ ರೇಡಿಯಲ್ ಎಂಜಿನ್ನಿನಲ್ಲಿ ಅವುಗಳನ್ನು ಮುಚ್ಚಿದರೆ ಸುಟ್ಟುಹೋಗುತ್ತವೆ ಎಂಬ ಭಯವಿತ್ತು. ಅಮೆರಿಕದ ಸರ್ಕಾರಿ ವಿಮಾನ ಸಂಶೋಧನಾಲಯವಾದ ಲ್ಯಾಂಗ್ಲಿಯಲ್ಲಿ ಎಂಜಿನಿಯರ್ ಫ್ರೆಡ್ ವೀಕ್ ಅವರ ತಂಡ 20 ಅಡಿ ವ್ಯಾಸದ ಗಾಳಿಸುರಂಗದಲ್ಲಿ ಪರೀಕ್ಷಿಸಿ, 1928ರಲ್ಲಿ ಇಡೀ ಎಂಜಿನ್ನನ್ನು ಆವರಿಸುವ ತಗಡಿನ ಹೊದಿಕೆಯನ್ನು, ಅಂದರೆ ಕೌಲಿಂಗ್ ಅನ್ನು, ಮುಂದಿಟ್ಟಿತು. ಕರ್ಟಿಸ್ ಎಟಿ-5ಎ ವಿಮಾನದ ವೇಗ ಗಂಟೆಗೆ 118 ಮೈಲಿಯಿಂದ 137ಕ್ಕೆ ಏರಿತು. ಘನದ ಲೆಕ್ಕದಲ್ಲಿ ಅದೇ ವೇಗವನ್ನು ಎಂಜಿನ್ನಿನಿಂದ ಪಡೆಯಲು ಸುಮಾರು 55% ಹೆಚ್ಚು ಬಲ ಬೇಕಾಗುತ್ತಿತ್ತು. ಗುಟ್ಟು ಇರುವುದು ಗಾಳಿ ಹೊರಬೀಳುವ ಹಿಂದಿನ ಸಂದಿಯಲ್ಲಿ: ಅದು ಅಗಲವಾದರೆ ಬೇಡದ ಗಾಳಿ ಹರಿದು ತಡೆ ಹೆಚ್ಚುತ್ತದೆ, ಕಿರಿದಾದರೆ ಸಿಲಿಂಡರ್ ತಲೆ ಕಾಯುತ್ತದೆ. ಸಿಲಿಂಡರ್‌ಗಳ ನಡುವೆ ತಡೆತಗಡು ಇಟ್ಟು, ಗಾಳಿಯನ್ನು ಸಿಲಿಂಡರ್ ಮೈಮೇಲಿನ ತಂಪುಪಟ್ಟಿಗಳಿಗೆ (ಫಿನ್) ಒತ್ತಿಯೇ ಹರಿಸಬೇಕು.

ನಯವಾದ ವಿಮಾನ ವೇಗವಾಗಿ ಹಾರಲು ಚಿಕ್ಕ ರೆಕ್ಕೆ ಸಾಕು. ಇಳಿಯುವಾಗ ಅದೇ ಕಷ್ಟ. ರೆಕ್ಕೆಯ ಪ್ರತಿ ಚದರ ಮೀಟರಿನ ಮೇಲಿನ ಭಾರ ಮೂರು ಪಟ್ಟಾದರೆ ಇಳಿಯುವ ವೇಗ 1.7 ಪಟ್ಟಾಗುತ್ತದೆ. ರೆಕ್ಕೆಯ ಹಿಂದಂಚಿನಲ್ಲಿ ಕೆಳಗೆ ಬಾಗುವ ಪಟ್ಟಿ, ಅಂದರೆ ಫ್ಲ್ಯಾಪ್, ಬಂದದ್ದು ಇದಕ್ಕೆ. ಪ್ರೊಪೆಲ್ಲರ್‌ನದೂ ಅಂಥದ್ದೇ ಪಾಡು: ಮೇಲೆ ಹಾರುವಾಗಿನ ವೇಗಕ್ಕೆ ಹೊಂದುವ ಕೋನದ ಅಲಗು ನೆಲದ ಮೇಲೆ ಗಾಳಿಯನ್ನು ಕಲಕುತ್ತದೆ, ಎಂಜಿನ್ ಪೂರ್ತಿ ತಿರುಗಲಾರದೆ ಬಲ ವ್ಯರ್ಥವಾಗುತ್ತದೆ. 1933ರ ಪ್ರಯಾಣಿಕ ವಿಮಾನ ಬೋಯಿಂಗ್ 247 ಮೊದಲಿಗೆ ಕೋನ ಬದಲಾಗದ ಪ್ರೊಪೆಲ್ಲರ್ ಹೊತ್ತು, ಎತ್ತರದ ನಿಲ್ದಾಣಗಳಲ್ಲಿ ನೆಲ ಬಿಡಲು ತಿಣುಕುತ್ತಿತ್ತು. ಫ್ರ್ಯಾಂಕ್ ಕಾಲ್ಡ್‌ವೆಲ್ ವಿನ್ಯಾಸಗೊಳಿಸಿದ, ಎರಡು ಕೋನಗಳಿಗೆ ಹೊಂದುವ ಪ್ರೊಪೆಲ್ಲರ್ ಹಾಕಿದಾಗ ನೆಲ ಬಿಡುವ ಮುಂಚಿನ ಓಟ ಸುಮಾರು ಐದನೇ ಒಂದು ಭಾಗ ತಗ್ಗಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡಗ್ಲಸ್ ಡಿಸಿ-1, ಅರಿಜೋನಾದ ವಿನ್ಸ್‌ಲೋದಿಂದ ಮೇಲೇರುವಾಗಲೇ ಒಂದು ಎಂಜಿನ್ ನಿಲ್ಲಿಸಿ, ಉಳಿದೊಂದರಲ್ಲೇ ಆಲ್ಬುಕರ್ಕಿ ತಲುಪಿತು. ವಿನ್ಸ್‌ಲೋ ಇರುವುದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ನಯವಾದ ತಗಡು, ಕೌಲಿಂಗ್, ಒಳಗೆ ಮಡಚಿಕೊಳ್ಳುವ ಚಕ್ರ, ಕೋನ ಬದಲಿಸುವ ಪ್ರೊಪೆಲ್ಲರ್ ಇವಿಷ್ಟೂ ಒಟ್ಟಿಗೆ ಇದ್ದುದರಿಂದ ಅಲ್ಲಿ ಒಂದೇ ಎಂಜಿನ್ ಸಾಕಾಯಿತು.