70 ಪೌಂಡಿನ ಬೇಟೆ ಬಿಲ್ಲಿಗೆ ಯಾವ ರಿಲೀಸ್ ತಗೊಳ್ಳಲಿ?

ಅಮೆರಿಕದಲ್ಲಿ ಜಿಂಕೆ ಬೇಟೆಯ ಲೈಸೆನ್ಸ್ ಮಾಡಿಸಿ, ಎಳೆಯಲು 70–80 ಪೌಂಡ್ ಬಲ ಬೇಕಾದ ಕಾಂಪೌಂಡ್ (ತುದಿಗಳಲ್ಲಿ ಗಾಲಿ ಇರುವ) ಬಿಲ್ಲು ಕೊಂಡ ಕನ್ನಡದ ಗೆಳೆಯರು ಮತ್ತೆ ಮತ್ತೆ ಕೇಳುವುದು ಇದನ್ನೇ: ರಿಲೀಸ್ (ಹೆದೆಯನ್ನು ಹಿಡಿದೆಳೆದು ಬಿಡುವ ಸಾಧನ) ಮಣಿಕಟ್ಟಿಗೆ ಕಟ್ಟುವುದಿರಲೋ, ಕೈಯಲ್ಲಿ ಹಿಡಿಯುವುದಿರಲೋ? (ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಹಾಗಾಗಿ ಈ ಮಾತೆಲ್ಲ ಅಮೆರಿಕದಲ್ಲಿರುವವರಿಗೆ ಮಾತ್ರ.)

ನನ್ನ ಉತ್ತರ: ಮಣಿಕಟ್ಟಿಗೆ ಕಟ್ಟುವುದೇ. ಬಕಲ್ ಪಟ್ಟಿ, ತೆರೆದ ಕೊಕ್ಕೆ, ತೋರುಬೆರಳಿನ ಟ್ರಿಗರ್. ಮೊದಲ ಎರಡು ಸೀಸನ್ನಿಗಾದರೂ ಇದೇ ಇರಲಿ.

ಕಾರಣ ಟ್ರಿಗರಿನಲ್ಲಿಲ್ಲ, ಎಳೆಯುವಾಗ ಭಾರ ಎಲ್ಲಿ ಬೀಳುತ್ತದೆ ಎನ್ನುವುದರಲ್ಲಿದೆ. 80% ಲೆಟ್‌ಆಫ್ (ಪೂರ್ತಿ ಎಳೆದಾಗ ಇಳಿಯುವ ಭಾರ) ಇರುವ 70 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯುವುದು 14 ಪೌಂಡ್ ಅಷ್ಟೇ. ಆದರೆ ಅಲ್ಲಿಗೆ ಮುಟ್ಟುವ ಮೊದಲು ಪೂರಾ 70 ಪೌಂಡ್ ಆ ರಿಲೀಸಿನ ಮೇಲೇ ಹಾದು ಹೋಗಬೇಕು. ಮಣಿಕಟ್ಟಿನ ಪಟ್ಟಿ ಇದ್ದರೆ ಆ ಭಾರವನ್ನು ಮುಂಗೈ ಹೊರುತ್ತದೆ, ಬೆರಳುಗಳು ಸಡಿಲವಾಗಿರುತ್ತವೆ. ಕೈಯಲ್ಲಿ ಹಿಡಿಯುವ ಹೆಬ್ಬೆರಳಿನ ರಿಲೀಸಿನಲ್ಲಿ ಮೂರು ನಾಲ್ಕು ಬೆರಳುಗಳೇ ಎಲ್ಲ ಹೊರಬೇಕು. ನವೆಂಬರ್ ಚಳಿಯಲ್ಲಿ, ಗ್ಲೌಸ್ ಹಾಕಿಕೊಂಡು, ಮೂರು ಗಂಟೆ ಅಲುಗಾಡದೆ ಕೂತ ಮೇಲೆ ಆ ಬೆರಳುಗಳಿಗೆ ಎಷ್ಟು ಬಲ ಇರುತ್ತದೆ? ಸ್ಪರ್ಧೆಗಳಲ್ಲಿ ಎಲ್ಲರ ಕೈಯಲ್ಲೂ ಹೆಬ್ಬೆರಳಿನದೋ ಹಿಂಜ್ (ತಿರುಗಿಸಿ ಬಿಡುವ) ರಿಲೀಸೋ ಕಾಣುತ್ತದಲ್ಲ ಎಂದು ವಾದಿಸುವವರಿದ್ದಾರೆ. ಆದರೆ ವರ್ಲ್ಡ್ ಆರ್ಚರಿ (ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ಕಾಂಪೌಂಡ್ ಬಿಲ್ಲಿನ ಮಿತಿಯೇ 60 ಪೌಂಡ್. ಆ ಸ್ಪರ್ಧಿಗಳಿಗೆ ಚಳಿಯೂ ಇಲ್ಲ, ಮರದ ಮೇಲೆ ಕೂರುವ ಕೆಲಸವೂ ಇಲ್ಲ.

ಹಿಂಜ್ ರಿಲೀಸಿಗೆ ಟ್ರಿಗರ್ ಇಲ್ಲ, ತಿರುಗಿದರೆ ಬಿಡುತ್ತದೆ. ಭಾರದ ಬಿಲ್ಲನ್ನು ಒದ್ದಾಡಿ ಎಳೆಯುವಾಗ ಬೆರಳ ಒತ್ತಡ ಒಂದೇ ಸಮ ಇರುವುದಿಲ್ಲ. ರಿಲೀಸ್ ಅರ್ಧದಲ್ಲೇ ತಿರುಗಿ ಬಿಟ್ಟರೆ ನಿಮ್ಮ ಮುಷ್ಟಿಯೇ ನಿಮ್ಮ ಹಲ್ಲಿಗೆ ಬಡಿಯುತ್ತದೆ. ಬಾಣವಿಲ್ಲದೆ ಹೆದೆ ಬಿಟ್ಟುಹೋದರೆ ಕ್ಯಾಮ್ (ಗಾಲಿ), ಲಿಂಬ್ (ಬಿಲ್ಲಿನ ತೋಳು) ಎರಡಕ್ಕೂ ಪೆಟ್ಟು. ಅಭ್ಯಾಸಕ್ಕೆ ಸೇಫ್ಟಿ ಇರುವ ಹಿಂಜ್ ಒಳ್ಳೆಯದೇ, ಕಾಡಿಗೆ ಬೇಡ.

ಇನ್ನು ಹೊಂದಿಸುವುದು. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ, ರಿಲೀಸನ್ನು ಬೈಯುತ್ತಾ. ಅಂಗಡಿಯಲ್ಲಿ ಕೈ ಇಳಿಬಿಟ್ಟು ಉದ್ದ ನೋಡಿದಾಗ ಎಲ್ಲ ಸರಿಯಾಗೇ ಕಾಣುತ್ತದೆ. 70 ಪೌಂಡ್ ಬಿದ್ದೊಡನೆ ಪಟ್ಟಿ ಮಣಿಕಟ್ಟಿನಿಂದ ಅಂಗೈ ಕಡೆಗೆ ಜಾರಿ, ಟ್ರಿಗರ್ ಮುಂದಕ್ಕೆ ಹೋಗಿ, ಬೆರಳ ತುದಿ ಮಾತ್ರ ತಾಕುತ್ತದೆ. ತುದಿಯಿಂದ ಒತ್ತುವವರು ಬೇಗ ಟ್ರಿಗರ್ ಕುಕ್ಕುವ ಚಟಕ್ಕೆ ಬೀಳುತ್ತಾರೆ. ಆದ್ದರಿಂದ ಭಾರ ಹಾಕಿಯೇ ಅಳೆಯಿರಿ: ನಿಮ್ಮ ಎಳೆತದ ಉದ್ದಕ್ಕೆ ಪ್ಯಾರಾಕಾರ್ಡ್ ಹಗ್ಗದ ಕುಣಿಕೆ ಕಟ್ಟಿ, ಬಿಲ್ಲಿನ ಕೈಯಲ್ಲಿ ಒಂದು ತುದಿ ಹಿಡಿದು, ಇನ್ನೊಂದಕ್ಕೆ ಕೊಕ್ಕೆ ಸಿಕ್ಕಿಸಿ ಜೋರಾಗಿ ಎಳೆಯಿರಿ. ಟ್ರಿಗರ್ ತೋರುಬೆರಳಿನ ಎರಡನೇ ಗೆರೆಯ ಹತ್ತಿರ ಕೂರಬೇಕು. ದೂರವಾದರೆ ಕನೆಕ್ಟರ್ (ಪಟ್ಟಿಗೂ ಕೊಕ್ಕೆಗೂ ನಡುವಿನ ಭಾಗ) ಗಿಡ್ಡ ಮಾಡಿ. ಬಕಲ್ ಬೇಕೆನ್ನುವುದೂ ಇದಕ್ಕೇ: ದಿನಾ ಅದೇ ತೂತಿಗೆ ಕೂರುತ್ತದೆ. ವೆಲ್ಕ್ರೋ ಪಟ್ಟಿ ಹಳತಾದಂತೆ ಹಿಡಿತ ಕಳೆದುಕೊಳ್ಳುತ್ತದೆ, ಬಿಚ್ಚುವಾಗ ಪರ್‍ ಎಂದು ಸದ್ದು ಬೇರೆ.

ಎಳೆಯುವಾಗ ತೋರುಬೆರಳು ಟ್ರಿಗರಿನ ಹಿಂದೆ ಇರಲಿ, ಮುಂದೆ ಅಲ್ಲ. ಕೈ ದವಡೆಗೆ ತಾಕಿ ನಿಂತ ಮೇಲೆಯೇ ಮುಂದಕ್ಕೆ ತನ್ನಿ. ಟ್ರಿಗರನ್ನು ತೀರಾ ಹಗುರ ಮಾಡಬೇಡಿ. ಗ್ಲೌಸ್ ಹಾಕಿದ ಬೆರಳು ಅದರ ಮೇಲೆ ಒರಗಿದರೂ ಬಿಡಬಾರದು. ಮೊಣಕೈಯನ್ನು ಹಿಂದಕ್ಕೆ ಎಳೆದಾಗ ಬಿಡಬೇಕು. ಇದನ್ನೂ ಮೊದಲು ಹಗ್ಗದ ಮೇಲೆ ನೋಡಿ, ಆಮೇಲೆ ಬಾಣವಿಟ್ಟು, ಗುರಿಹಲಗೆಯ ಕಡೆಗೇ ತಿರುಗಿಸಿ ಎಳೆಯಿರಿ.

ತೆರೆದ ಕೊಕ್ಕೆಯಾದರೆ ಕಣ್ಣು ಜಿಂಕೆಯ ಮೇಲಿದ್ದರೂ ಡಿ-ಲೂಪಿಗೆ (ಹೆದೆಗೆ ಕಟ್ಟಿದ ಪುಟ್ಟ ಹಗ್ಗದ ಕುಣಿಕೆಗೆ) ಸಿಕ್ಕಿಸಬಹುದು. ಸ್ಪಾಟ್ ಹಾಗ್ ಕಂಪನಿಯ ವೈಸ್‌ಗೈ ಈ ಜಾತಿಯದ್ದು. ಡಿ-ಲೂಪಿನಲ್ಲಿ ಎಳೆ ಎದ್ದಿದ್ದರೆ ಅವತ್ತೇ ಬದಲಿಸಿ. ಹೊಸದನ್ನು ಕಟ್ಟಿದ ಮೇಲೆ ಲೂಪ್ ಇಕ್ಕಳದಿಂದ ಬಿಗಿಯಾಗಿ ಹಿಗ್ಗಿಸಿ, ಸುಟ್ಟು ಗುಂಡಗೆ ಮಾಡಿದ ತುದಿಗಳು ಗಂಟಿನೊಳಗೆ ಜಾರುತ್ತಿಲ್ಲ ಎಂದು ನೋಡಿಕೊಳ್ಳಿ. ಭಾರದ ಬಿಲ್ಲಿನಲ್ಲಿ ಸಡಿಲ ಗಂಟು ಕಿತ್ತುಬರುತ್ತದೆ.

ಕೂತಲ್ಲಿಂದಲೇ, ಬಿಲ್ಲನ್ನು ಆಕಾಶಕ್ಕೆತ್ತದೆ ಎಳೆಯಲು ಆಗುತ್ತಿಲ್ಲವೇ? ಅದಕ್ಕೆ ರಿಲೀಸ್ ಬದಲಿಸಿ ಉಪಯೋಗವಿಲ್ಲ. ಮೇಲಿನ ಕೆಳಗಿನ ಲಿಂಬ್ ಬೋಲ್ಟ್‌ಗಳನ್ನು ಒಂದೇ ಸಮನಾಗಿ, ತಯಾರಕರು ಹೇಳಿದ ಮಿತಿಯೊಳಗೆ ಸಡಿಲಿಸಿ 60ಕ್ಕೆ ಇಳಿಸಿ. ಬಿಳಿಬಾಲದ ಜಿಂಕೆಗೆ 60 ಪೌಂಡ್ ಧಾರಾಳ.

ಮುಂದೆ ಯಾವಾಗಲಾದರೂ ಹೆಬ್ಬೆರಳಿನ ರಿಲೀಸಿಗೆ ಹೋಗುವುದಾದರೆ ಸೀಸನ್ ಮುಗಿದ ಮೇಲೆ ಹೋಗಿ. ದವಡೆಯಲ್ಲಿ ಕೈ ನಿಲ್ಲುವ ಜಾಗವೇ ಬದಲಾಗುವುದರಿಂದ ಎಳೆತದ ಉದ್ದ, ಪೀಪ್ (ಹೆದೆಯಲ್ಲಿ ಗುರಿ ನೋಡುವ ತೂತು) ಎತ್ತರ ಎರಡನ್ನೂ ಮತ್ತೆ ನೋಡಬೇಕು. 20, 30, 40 ಗಜಕ್ಕೆ ಸೈಟ್ ಪಿನ್‌ಗಳನ್ನು ಹೊಸದಾಗಿ ಹೊಂದಿಸಬೇಕು. ಹೆಬ್ಬೆರಳಿನ ರಿಲೀಸನ್ನು ಮಣಿಕಟ್ಟಿಗೆ ಒಂದು ದಾರದಿಂದ ಕಟ್ಟಿಕೊಳ್ಳಿ, ಟ್ರೀಸ್ಟ್ಯಾಂಡಿನಿಂದ (ಮರಕ್ಕೆ ಕಟ್ಟಿದ ಕೂರುವ ಅಟ್ಟದಿಂದ) 20 ಅಡಿ ಕೆಳಗೆ ಬಿದ್ದರೆ ಅವತ್ತಿನ ಬೇಟೆ ಮುಗಿಯಿತು. ಯಾವುದನ್ನೇ ಕೊಂಡರೂ ಅದೇ ಮಾದರಿಯ ಇನ್ನೊಂದನ್ನು, ಅದೇ ಉದ್ದಕ್ಕೆ ಹೊಂದಿಸಿ, ನಾಲ್ಕು ಬಾಣ ಬಿಟ್ಟು ನೋಡಿ ಚೀಲದಲ್ಲಿ ಇಟ್ಟುಕೊಳ್ಳಿ.